ಅಡುಗೆಮನೆಯಲ್ಲಿ ಹೇಳಿದ ಹವಾಮಾನ

ಈ ಜನವರಿಯಲ್ಲಿ ಅಕ್ಕನ ಮನೆಗೆಂದು ಕುಶಾಲನಗರದಲ್ಲಿ ಮಡಿಕೇರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಸುಂಟಿಕೊಪ್ಪ ಇನ್ನೂ ದೂರವಿರುವಾಗಲೇ ಒಂದು ತಿರುವಿನಲ್ಲಿ ಕಾಫಿ ಹೂವಿನ ವಾಸನೆ ಬಸ್ಸಿನೊಳಕ್ಕೆ ನುಗ್ಗಿತು. ಮಲ್ಲಿಗೆಗೆ ಹತ್ತಿರದ ವಾಸನೆ ಅದು, ಆದರೆ ಮಲ್ಲಿಗೆಯ ವಿನಯ ಅದಕ್ಕಿಲ್ಲ. ಎಕರೆಗಟ್ಟಲೆ ಒಟ್ಟಿಗೇ ಅರಳಿ ಮೂಗಿಗೆ ಬಂದು ಬಡಿಯುತ್ತದೆ. ಮುಂದಿನ ಸೀಟಿನ ಹೆಂಗಸು ‘ಆಹಾ’ ಎಂದು ಕಣ್ಣು ಮುಚ್ಚಿದಳು. ರಸ್ತೆ ಬದಿಯಲ್ಲಿ ಎರಡು ಕಾರು ನಿಂತಿದ್ದವು. ಬೇಲಿಯ ಆಚೆಗೆ ಕೈ ಚಾಚಿ ರೆಂಬೆಯೊಂದನ್ನು ಕೆನ್ನೆಗೆ ತಾಗಿಸಿಕೊಂಡು ಒಬ್ಬಳು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಆ ರೆಂಬೆಯಲ್ಲಿ ಬಿಳಿ ಹೂವೂ ಇತ್ತು, ಕೆಂಪು ಹಣ್ಣೂ ಇತ್ತು. ನೋಡಲು ಚೆಂದವೇ. ನನಗೆ ಮಾತ್ರ ಸಿಟ್ಟು ಬಂತು.

ಕಾಫಿ ಗಿಡದಲ್ಲಿ ಹಣ್ಣು ಮತ್ತು ಹೂವು ಒಟ್ಟಿಗೆ ಇರಬಾರದು. ಮೊದಲು ಹಣ್ಣಿನ ಕುಯ್ಲು ಮುಗಿಯಬೇಕು, ಗಿಡ ಸ್ವಲ್ಪ ದಿನ ಬಿಸಿಲಲ್ಲಿ ಸುಮ್ಮನೆ ನಿಲ್ಲಬೇಕು, ಆಮೇಲೆ ಶಿವರಾತ್ರಿಯ ಆಸುಪಾಸಿನಲ್ಲೋ ಅದರ ನಂತರವೋ ಒಂದು ಒಳ್ಳೆಯ ಮಳೆ ಬಂದು ಹೂ ಅರಳಬೇಕು. ಹಣ್ಣು ಗಿಡದಲ್ಲಿರುವಾಗಲೇ ಮೊಗ್ಗು ಉಬ್ಬಿದರೆ, ಹಣ್ಣು ಕೀಳಲು ಹೋದ ಕೈ ಮುಂದಿನ ವರ್ಷದ ಫಸಲನ್ನೂ ಕಿತ್ತು ಹಾಕುತ್ತದೆ. ಕೀಳದೆ ಬಿಟ್ಟರೆ ಈ ವರ್ಷದ್ದು ಕೊಳೆತು ನೆಲಕ್ಕೆ ಬೀಳುತ್ತದೆ. ಕೆನ್ನೆಗೆ ತಾಗಿಸಿಕೊಂಡ ಆ ರೆಂಬೆ, ಹಣ್ಣೋ ಹೂವೋ ಎಂದು ಒಂದು ಮನೆಯಲ್ಲಿ ನಡೆಯುವ ಜಗಳ.

‘ಅರಳಬೇಕು’, ‘ಇರಬಾರದು’ ಎಂದು ಬರೆದ ಕೂಡಲೇ ನನ್ನೊಳಗೆ ಯಾರೋ ಕೆಮ್ಮುತ್ತಾರೆ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಪಿಎಚ್‌ಡಿಗೆ ಸೇರಿ ಅರ್ಧಕ್ಕೆ ಬಿಟ್ಟೆ, ಎರಡು ಕೆಲಸಕ್ಕೆ ಸೇರಿ ಬಿಟ್ಟೆ, ಈಗ ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಓದಿನಿಂದ ಉಳಿದದ್ದು ಒಂದೇ ಚಟ, ಯಾರು ಏನೇ ಹೇಳಲಿ ‘ನಿಮಗೆ ಹೇಗೆ ಗೊತ್ತು?’ ಎನ್ನುವುದು. ‘ನಮ್ಮ ಕಾಲದಲ್ಲಿ ಮಳೆ ಹೀಗಿರಲಿಲ್ಲ’ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ನನ್ನದೇ ಮಾತಾದರೂ ನಂಬುವುದಿಲ್ಲ. ಪರೀಕ್ಷೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಕಾಫಿ ಹೂ ಅರಳಿರುತ್ತಿತ್ತು ಎಂದು ನನ್ನ ನೆನಪು. ಇಲ್ಲ, ಯುಗಾದಿಗೆ ಅರಳುತ್ತಿತ್ತು ಎಂದು ಅಕ್ಕ. ಶಿವರಾತ್ರಿಯ ಜಾಗರಣೆಗೆ ಹೂವಿನ ವಾಸನೆ ಇರುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಮೂರು ಜನರ ನೆನಪು ಮೂರು ತಿಂಗಳಲ್ಲಿ ಹೂ ಬಿಡಿಸುತ್ತದೆ.

ಇದಕ್ಕೇ ನನ್ನ ಸಿಟ್ಟು ಮಳೆಯ ಮೇಲಲ್ಲ, ಮಳೆಯ ಸುದ್ದಿ ಹೇಳುವವನ ಮೇಲೆ. ನಮ್ಮ ನೆನಪು ಕುಂಟು ಎಂದ ಮೇಲೆ ಅಳೆದು ಇಟ್ಟವರ ಮಾತು ಬೇಕು. ಆ ಅಳತೆಗಳನ್ನು ಓದಬಲ್ಲವನು, ದಿನಾ ಸಂಜೆ ನಮ್ಮ ಮನೆಯೊಳಗೇ ಬಂದು ನಿಲ್ಲುವವನು ಒಬ್ಬನೇ. ಟಿವಿಯಲ್ಲಿ ಕೋಟು ಹಾಕಿಕೊಂಡು, ನಕಾಶೆಯ ಮುಂದೆ ಕೈ ಆಡಿಸುತ್ತಾ ನಿಲ್ಲುವವನು. ಅವನು ಬಾಯಿ ಬಿಟ್ಟು ಹೇಳದಿದ್ದರೆ ಬೇರೆ ಯಾರಿಂದಲೂ ನಮಗೆ ಗೊತ್ತಾಗುವುದಿಲ್ಲ.

ನಾನು ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಜನವರಿ. ಮೂರು ವರ್ಷ ಎನ್ನುತ್ತಾರೆ ಭಾವ. ಇರಬಹುದು. ಕಾಲೇಜಿಗೆ ರಜೆ ಇತ್ತು, ಅಕ್ಕನ ತೋಟದಲ್ಲಿ ಕುಯ್ಲು ನಡೆಯುತ್ತಿತ್ತು.

ಅಕ್ಕ ರತ್ನ, ಭಾವ ಶಿವಣ್ಣ. ಅರಕಲಗೂಡಿನ ಕಡೆಯಿಂದ ಭಾವನ ಅಜ್ಜ ಬಂದು ಇಲ್ಲಿ ನೆಲೆ ನಿಂತದ್ದು. ಇವರದ್ದು ಕೆಳಗಿನ ತೋಟ. ಮೇಲಿನದು ಬೆಳ್ಯಪ್ಪಣ್ಣನದು. ಬೆಳ್ಯಪ್ಪಣ್ಣ ಇಲ್ಲಿಯ ಹಳೇ ಗೌಡರ ಮನೆಯವರು, ಅರವತ್ತು ದಾಟಿದವರು, ಮನೆಯಲ್ಲಿ ಅರೆಭಾಷೆ, ನಮ್ಮೊಂದಿಗೆ ಕನ್ನಡ, ಲೈನಿನ ಸಾಲುಮನೆಗಳ ಆಳುಗಳೊಂದಿಗೆ ತಮಿಳು, ನಾಯಿಯೊಂದಿಗೆ ಇಂಗ್ಲಿಷು. ಎರಡು ಮನೆಗೂ ಸೇರಿ ಒಂದೇ ಸ್ಪ್ರಿಂಕ್ಲರ್ ಸೆಟ್ಟು. ಎಂಜಿನ್ನೂ ಪೈಪುಗಳೂ ಜಂಟಿ, ಕೆರೆಗಳು ಮಾತ್ರ ಬೇರೆ ಬೇರೆ. ಹೂವಿಗೆ ನೀರು ಹಾಯಿಸುವ ಕಾಲಕ್ಕೆ ಮೊದಲ ಪಾಳಿ ಯಾವಾಗಲೂ ಮೇಲಿನವರದ್ದು. ಪೈಪನ್ನು ಮೇಲಿಂದ ಕೆಳಕ್ಕೆ ಇಳಿಸುವುದು ಸುಲಭ, ಹತ್ತಿಸುವುದು ಕಷ್ಟ. ಅದಕ್ಕೇ ಹುಟ್ಟಿದ ಪದ್ಧತಿ ಅದು. ಮೇಲಿನವರು ಪಾಳಿ ಬಿಟ್ಟರೆ, ಕೆಳಗಿನವರದ್ದು ಪೂರ್ತಿ ಮುಗಿಯುವವರೆಗೂ ಕಾಯಬೇಕು. ಅರ್ಧಕ್ಕೆ ಪೈಪು ಬಿಚ್ಚುವಂತಿಲ್ಲ.

ಆ ವರ್ಷ ಬೆಳ್ಯಪ್ಪಣ್ಣನಿಗೆ ಒಂದು ದೊಡ್ಡ ನಿರೀಕ್ಷೆ ಇತ್ತು. ಗುಡ್ಡದ ಮೇಲಿನ ಹಳೇ ರೋಬಸ್ಟಾ ಕಾಫಿ ಗಿಡಗಳನ್ನೆಲ್ಲ ಕಿತ್ತು ಹೊಸ ಸಸಿ ಹಾಕಿ ವರ್ಷಗಳೇ ಆಗಿದ್ದವು. ಬೇಸಿಗೆಗಳಲ್ಲಿ ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು ಬದುಕಿಸಿದ ಗಿಡಗಳವು. ಆ ವರ್ಷ ಮೊದಲ ಸಲ ರೆಂಬೆಯ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಕೂತಿತ್ತು. ‘ಮೊದಲ ತುಂಬು ಹೂ ಮಾರಾಯ’ ಎಂದು ನನ್ನನ್ನು ಗುಡ್ಡ ಹತ್ತಿಸಿ ತೋರಿಸಿದ್ದರು. ‘ಮದುವೆ ಹುಡುಗಿ ಹಾಗೆ ಕೂತುಂಟು ನೋಡು. ಮುಟ್ಟಬೇಡ, ದೂರದಿಂದ ನೋಡು.’

ಮೊಗ್ಗು ಇನ್ನೂ ನಿದ್ದೆಯಲ್ಲಿತ್ತು. ಮಳೆಗೆ ತಿಂಗಳಿತ್ತು. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು.

ಸಂಕ್ರಾಂತಿಯ ಹಿಂದೆಯೋ ಮುಂದೆಯೋ ಒಂದು ಮಧ್ಯಾಹ್ನ ಹಾರಂಗಿ ಹಿನ್ನೀರಿನ ಕಡೆಯಿಂದ ಮೋಡ ಕಟ್ಟಿತು. ಕಣದಲ್ಲಿ ಹರಡಿದ್ದ ಕಾಫಿಗೆ ಟಾರ್ಪಾಲು ಎಳೆಯುವಷ್ಟರಲ್ಲಿ ಹನಿ ಬಿತ್ತು. ಧಾರಾಳವಾಗಿ ಬಂದಿದ್ದರೆ ಒಂದು ಲೆಕ್ಕ, ಬಾರದಿದ್ದರೆ ಇನ್ನೊಂದು ಲೆಕ್ಕ. ಅದು ಅರ್ಧ ಇಂಚೂ ಇಲ್ಲದ ಮಳೆ. ಮೊಗ್ಗನ್ನು ಎಬ್ಬಿಸುವಷ್ಟು ಇತ್ತು, ಅರಳಿಸುವಷ್ಟು ಇರಲಿಲ್ಲ.

ಅಕ್ಕ ಜಗಲಿಯಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟಳು. ‘ಬಂತಲ್ಲಪ್ಪ ಶನಿ.’

‘ಶನಿ ಅಲ್ಲ, ವರುಣ’ ಎಂದರು ಭಾವ, ಒದ್ದೆಯಾದ ತಲೆ ಒರೆಸಿಕೊಳ್ಳುತ್ತಾ.

‘ಯಾವನಾದ್ರೂ ಆಗ್ಲಿ. ಅರ್ಧ ಊಟಕ್ಕೆ ಎಬ್ಬಿಸಿ ಕೂರಿಸಿದಂಗಾಯ್ತು. ಈಗ ಪೂರ್ತಿ ಬಡಿಸ್ಬೇಕು, ಇಲ್ಲ ಅಂದ್ರೆ ಅಷ್ಟೂ ಮೊಗ್ಗು ಬಿಸಿಲಿಗೆ ಸುಟ್ಟು ಹೋಯ್ತದೆ.’

ಅಂದರೆ ಉಳಿದದ್ದು ಒಂದೇ ಪ್ರಶ್ನೆ, ಇನ್ನೂ ಮಳೆ ಬರುತ್ತದೋ ಇಲ್ಲವೋ. ಬರುವುದಾದರೆ ಕೆರೆಯ ನೀರು ಉಳಿಯಿತು. ಬರುವುದಿಲ್ಲವೆಂದರೆ ತಕ್ಷಣ ಎಂಜಿನ್ನು ಹೂಡಬೇಕು. ಕಾಯಲು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಪುರುಸೊತ್ತು ಇರಲಿಲ್ಲ. ಕೆರೆಯಲ್ಲಿ ಇದ್ದದ್ದು ಒಂದು ಸಲಕ್ಕೆ ಆಗುವಷ್ಟು ನೀರು. ಈಗ ಹಾಯಿಸಿ ಆಮೇಲೆ ದೊಡ್ಡ ಮಳೆ ಬಂದರೆ, ಇಪ್ಪತ್ತು ದಿನ ಬಿಟ್ಟು ಕಾಯಿ ಕಚ್ಚುವುದಕ್ಕೆ ಹಾಯಿಸಲು ಉಳಿಸಿಕೊಳ್ಳಬಹುದಾಗಿದ್ದ ನೀರು ದಂಡ.

ಮಾರನೆಯ ಬೆಳಿಗ್ಗೆ ಸುಹಾಸ ಬಂದ. ಕನ್ನಡದ ಸುದ್ದಿ ಚಾನೆಲ್ಲೊಂದರಲ್ಲಿ ಸಂಜೆಯ ಹವಾಮಾನ ಹೇಳುವವನು. ಚಾನೆಲ್ಲಿನ ಹೆಸರು ಬೇಡ, ಅವನದ್ದೂ ಇದು ನಿಜವಾದ ಹೆಸರಲ್ಲ. ಮೈಸೂರಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನಾಗಿ ಓದಿದ್ದ, ವಾತಾವರಣ ವಿಜ್ಞಾನವನ್ನು ಶ್ರದ್ಧೆಯಿಂದ ಓದಿದ್ದ. ಜನವರಿ ಮಳೆಯ ಬಗ್ಗೆ ಕಾರ್ಯಕ್ರಮ ಮಾಡಲು ಕೊಡಗಿಗೆ ಬಂದವನು ನನ್ನ ನಂಬರು ಹುಡುಕಿ ಫೋನು ಮಾಡಿದ್ದ. ಬಾ ಎಂದಿದ್ದೆ. ಜೊತೆಗೊಬ್ಬ ಕ್ಯಾಮೆರಾದವನು.

ಹೂ ಅರಳಿದ್ದನ್ನು ಆಗಲೇ ರಸ್ತೆ ಬದಿಯ ದೊಡ್ಡ ಎಸ್ಟೇಟಿನಲ್ಲಿ ಶೂಟ್ ಮಾಡಿಕೊಂಡು ಬಂದಿದ್ದರು. ಅಲ್ಲಿ ವಾರದ ಹಿಂದೆಯೇ ನೀರು ಹಾಯಿಸಿದ್ದರು. ನಮ್ಮಲ್ಲಿ ಅವರಿಗೆ ಬೇಕಾಗಿದ್ದದ್ದು ಹಣ್ಣಿನ ಪಕ್ಕ ಉಬ್ಬಿದ ಮೊಗ್ಗು. ಒಂದು ರೆಂಬೆಯನ್ನು ಹತ್ತು ಕಡೆಯಿಂದ ತೆಗೆದರು. ಕ್ಯಾಮೆರಾದವನು ಇನ್ನಷ್ಟು ಒಳಗೆ ನುಗ್ಗಿದಾಗ ಅಕ್ಕ ಕೂಗಿದಳು, ‘ಅಣ್ಣಾ, ಬ್ಯಾಗು! ಬ್ಯಾಗು ತಾಗಿ ಮೊಗ್ಗು ಉದುರ್ತಾ ಐತೆ, ಆ ಕಡೆಯಿಂದ ಬನ್ನಿ!’

ಆಮೇಲೆ ನನ್ನನ್ನು ನಿಲ್ಲಿಸಿದರು. ಸುಹಾಸ ಮೈಕು ಹಿಡಿದು ಕೇಳಿದ, ‘ಸರ್, ಜನವರಿಯಲ್ಲಿ ಮಳೆ. ಇದು ಹವಾಮಾನ ಬದಲಾವಣೆಯಾ?’

ನಾನು ಹೇಳಿದ್ದರಲ್ಲಿ ಒಂದು ವಾಕ್ಯ ಖಚಿತವಾಗಿ ನೆನಪಿದೆ, ಅದನ್ನು ಆಮೇಲೆ ಊರೆಲ್ಲ ಕೇಳಿತು. ‘ಇದೊಂದು ಮಳೆ ಹಿಡಿದುಕೊಂಡು ಹವಾಮಾನ ಬದಲಾವಣೆ ಅಂತ ಹೇಳೋಕಾಗಲ್ಲ.’ ಅದರ ಬೆನ್ನಿಗೇ ನಾನು ಇನ್ನೊಂದನ್ನು ಹೇಳಿದ್ದೇನೆ ಎಂದು ನನ್ನ ನೆನಪು. ‘ಆದರೆ ಇಂಥ ಮಳೆಗಳು ಹೆಚ್ಚುತ್ತಿವೆಯೇ ಅನ್ನೋದಕ್ಕೆ ಉದ್ದದ ಅಳತೆ ಇದೆ, ಜನಕ್ಕೆ ತೋರಿಸಬೇಕಾದ್ದು ಅದನ್ನ.’ ಹೇಳಿದ್ದೇನೆ ಎಂದು ಭಾವನೂ ಅನ್ನುತ್ತಾರೆ. ಇಲ್ಲ, ಅಷ್ಟರಲ್ಲಿ ಬೆಳ್ಯಪ್ಪಣ್ಣನ ಜೀಪು ಸದ್ದು ಮಾಡಿಕೊಂಡು ಬಂತು, ನೀನು ಬಾಯಿ ಮುಚ್ಚಿದೆ ಎಂದು ಅಕ್ಕ. ಜೀಪು ಬಂದದ್ದು ನನಗೂ ನೆನಪಿದೆ. ಅದು ಆ ವಾಕ್ಯಕ್ಕೆ ಮೊದಲೋ ಆಮೇಲೋ ಎನ್ನುವುದು ಮಾತ್ರ ಎಷ್ಟು ತಿಕ್ಕಿದರೂ ಸ್ಪಷ್ಟವಾಗುವುದಿಲ್ಲ.

ಶೂಟಿಂಗು ಮುಗಿದ ಮೇಲೆ ಅಕ್ಕ ಅವರನ್ನು ಒಳಗೆ ಕರೆದಳು. ನಮ್ಮಲ್ಲಿ ಬೆಳಿಗ್ಗೆ ಹೊತ್ತು ಬಂದವರನ್ನು ಅಡುಗೆಮನೆಯ ಬೆಂಚಿನ ಮೇಲೇ ಕೂರಿಸುವುದು ರೂಢಿ, ಒಲೆಯ ಬಿಸಿ ಇರುತ್ತದೆ. ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ, ಬೆಲ್ಲದ ಕಾಫಿ. ಸುಹಾಸ ಕೋಟು ಬಿಚ್ಚಿ ಪಕ್ಕಕ್ಕಿಟ್ಟ.

‘ಸಾರ್, ಒಂದು ಮಾತು ಕೇಳ್ತೀನಿ’ ಎಂದಳು ಅಕ್ಕ. ‘ಯಾಕೆ ಹಿಂಗಾಗ್ತಿದೆ? ನಮ್ಮ ಕರ್ಮ ಅಂತೀರೋ ಏನು?’

ಅವನು ರೊಟ್ಟಿ ಮುರಿಯುತ್ತಾ ಹೇಳಿದ. ಎಷ್ಟು ಚೆನ್ನಾಗಿ ಹೇಳಿದ ಎಂದರೆ, ಈಗ ನೆನೆದರೆ ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ.

‘ಕರ್ಮ ಅಲ್ಲ ಅಕ್ಕ. ಸಮುದ್ರ ಬಿಸಿಯಾಗ್ತಾ ಇದೆ. ಬಿಸಿ ಗಾಳಿ ಜಾಸ್ತಿ ನೀರು ಹೊತ್ಕೊಳ್ಳುತ್ತೆ. ಜನವರಿಯಲ್ಲಿ ಮಳೆ ಮೊದಲೂ ಬಂದಿದೆ, ಇಲ್ಲ ಅನ್ನಲ್ಲ. ನಿಮ್ಮ ತಮ್ಮ ಹೇಳಿದ್ದು ಸರಿ, ಒಂದು ಮಳೆಗೆ ಹೆಸರಿಡೋಕಾಗಲ್ಲ. ಆದ್ರೆ ಚೌಕಾಬಾರದಲ್ಲಿ ಯಾರೋ ಕವಡೆಗೆ ಒಂಚೂರು ಮೇಣ ಹಚ್ಚಿದಾರೆ ಅಂದ್ಕೊಳ್ಳಿ. ಒಂದು ಸಲ ಬಿದ್ದಾಗ ಗೊತ್ತಾಗಲ್ಲ. ಆಡ್ತಾ ಆಡ್ತಾ ಗೊತ್ತಾಗುತ್ತೆ. ಆ ಮೇಣ ಹಚ್ಚಿದ್ದು ನಾವೇ, ಕಲ್ಲಿದ್ದಲು, ಪೆಟ್ರೋಲು ಸುಟ್ಟು ಸುಟ್ಟು.’

ಭಾವ ಒಲೆಯ ಪಕ್ಕದಿಂದ ಅಂದರು, ‘ಸುಟ್ಟಿದ್ದು ಯಾರೋ, ಮೊಗ್ಗು ಸುಡೋದು ನಮ್ದು.’

‘ಹೌದಣ್ಣ, ಅದೇ ಅನ್ಯಾಯ.’

ಅಕ್ಕ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ‘ಇದನ್ನೇ ಟಿವೀಲಿ ಹೇಳಿ ಸಾರ್. ಎಷ್ಟು ಸಲೀಸಾಗಿ ತಿಳಿಸಿದ್ರಿ.’

ಅವನು ನಕ್ಕ. ‘ನನಗೆ ಕೊಡೋದು ಒಂದೂವರೆ ನಿಮಿಷ ಅಕ್ಕ. ಕ್ಲೈಮೇಟು ಅಂದ ತಕ್ಷಣ ಜನ ಚಾನೆಲ್ ಬದಲಾಯಿಸ್ತಾರೆ ಅಂತ ನಮ್ಮೋರ ನಂಬಿಕೆ.’

‘ಹಂಗಾದ್ರೆ ಇದೊಂದಾದ್ರೂ ಹೇಳಿ. ಇನ್ನೆರಡು ದಿನದಲ್ಲಿ ಮಳೆ ಬತ್ತದಾ ಇಲ್ವಾ? ಬರಲ್ಲ ಅಂದ್ರೆ ಸ್ಪ್ರಿಂಕ್ಲರ್ ಹೂಡ್ಬೇಕು.’ ಪಾಳಿಯ ಕಥೆ, ಕೆರೆಯ ಕಥೆ, ಬೆಳ್ಯಪ್ಪಣ್ಣನ ಹೊಸ ಗಿಡಗಳ ಕಥೆ ಎಲ್ಲವನ್ನೂ ಹೇಳಿದಳು. ಅವನು ಆಸಕ್ತಿಯಿಂದ ಕೇಳಿದ. ಫೋನು ತೆಗೆದು ಬಣ್ಣ ಬಣ್ಣದ ನಕಾಶೆಗಳನ್ನು ಸರಿಸಿ ನೋಡಿದ. ನನಗೂ ತೋರಿಸಿದ.

‘ಒಂದು ಬರುತ್ತೆ ಅಂತಿದೆ, ಇನ್ನೊಂದು ಬರಲ್ಲ ಅಂತಿದೆ. ಅರ್ಧಕ್ಕರ್ಧ. ನಾನಾಗಿದ್ರೆ ನಂಬ್ಕೊಂಡು ಕೂರ್ತಿರಲಿಲ್ಲ ಅಕ್ಕ. ನೀರು ಹಾಯಿಸಿಬಿಡ್ತಿದ್ದೆ.’

ಅವನು ಹೊರಡುವಾಗ ಅಕ್ಕ ಒಂದು ಚೀಲ ಕಿತ್ತಳೆ ಕಾರಿಗೆ ಇಟ್ಟಳು.

ಸಂಜೆ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಲೈನಿನಿಂದಲೂ ಇಬ್ಬರು ಹೆಂಗಸರು ಬಂದು ಬಾಗಿಲ ಬಳಿ ನಿಂತಿದ್ದರು, ತಾವು ಹಣ್ಣು ಕೀಳುವುದು ಬರುತ್ತದೆ ಎಂದು. ಡೋಲು ಬಡಿಯುವ ಸಂಗೀತದೊಂದಿಗೆ ಪರದೆಯ ಮೇಲೆ ದೊಡ್ಡ ಅಕ್ಷರ ಬಂತು: ‘ಕೊಡಗಿಗೆ ವರುಣನ ಭರ್ಜರಿ ಗಿಫ್ಟ್!’ ದೊಡ್ಡ ಎಸ್ಟೇಟಿನ ಬಿಳಿ ಹೂವು. ನಮ್ಮ ರೆಂಬೆಯ ಕೆಂಪು ಹಣ್ಣು, ಮೊಗ್ಗು. ‘ಪ್ರಕೃತಿಯ ಚಮತ್ಕಾರ! ಒಂದೇ ರೆಂಬೆಯಲ್ಲಿ ಹಣ್ಣೂ ಹೂವೂ! ವೀಕೆಂಡಿಗೆ ಕೊಡಗಿಗೆ ಬರೋ ಪ್ಲ್ಯಾನ್ ಇದೆಯಾ?’ ಸುಹಾಸನ ದನಿಯೇ. ಅಡುಗೆಮನೆಯಲ್ಲಿ ಕೇಳಿದ ದನಿ ಅಲ್ಲ, ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವನ ದನಿ.

ನನ್ನ ಮುಖ ಬಂತು. ‘ಇದೊಂದು ಮಳೆ ಹಿಡಿದುಕೊಂಡು ಹವಾಮಾನ ಬದಲಾವಣೆ ಅಂತ ಹೇಳೋಕಾಗಲ್ಲ.’ ಅಷ್ಟೇ. ಕೆಳಗೆ ಪಟ್ಟಿಯಲ್ಲಿ ‘ಹವಾಮಾನ ಬದಲಾವಣೆ ಅಲ್ಲವೇ ಅಲ್ಲ: ತಜ್ಞರ ಸ್ಪಷ್ಟನೆ’. ಬಾಗಿಲ ಬಳಿಯ ಹೆಂಗಸರು ಚಪ್ಪಾಳೆ ತಟ್ಟಿದರು.

ಆಮೇಲೆ ನಕಾಶೆಯ ಮುಂದೆ ಕೋಟು ಹಾಕಿ ನಿಂತ ಸುಹಾಸ ಹೇಳಿದ, ‘ಇನ್ನೂ ಎರಡು ದಿನ ಕೊಡಗಿನಲ್ಲಿ ಮಳೆ ಗ್ಯಾರಂಟಿ! ಕಾಫಿ ಬೆಳೆಗಾರರೇ, ನಿಮ್ಮ ಸ್ಪ್ರಿಂಕ್ಲರ್‌ಗಳಿಗೆ ರಜೆ ಕೊಡಿ, ವರುಣದೇವನೇ ನಿಮ್ಮ ಪಾಳಿ ಮಾಡ್ತಾನೆ!’

ಪಾಳಿ ಎನ್ನುವ ಮಾತನ್ನು ಅವನಿಗೆ ಕೊಟ್ಟದ್ದು ಅಕ್ಕ, ಬೆಳಿಗ್ಗೆ, ಕಾಫಿ ಬಗ್ಗಿಸುತ್ತಾ.

‘ಅಲ್ಲ ಕಣೋ’ ಎಂದಳು ಅಕ್ಕ. ‘ಬೆಳಿಗ್ಗೆ ನಮ್ಮ ಒಲೆ ಮುಂದೆ ಕೂತಿದ್ದೋನು ಯಾರು? ಇವನ ಅಣ್ಣನಾ, ತಮ್ಮನಾ?’

‘ರೊಟ್ಟಿ ತಿಂದೋನೇ ಬೇರೆ, ಕೋಟು ಹಾಕೊಂಡೋನೇ ಬೇರೆ’ ಎಂದರು ಭಾವ.

ಆ ಸಿಟ್ಟು ಈಗಲೂ ನನ್ನೊಳಗೆ ಬಿಸಿಯಾಗಿಯೇ ಇದೆ. ಅವನಿಗೆ ಗೊತ್ತಿರಲಿಲ್ಲ ಎಂದಿದ್ದರೆ ಕ್ಷಮಿಸಬಹುದಿತ್ತು. ಮುನ್ಸೂಚನೆ ತಪ್ಪಿದ್ದರೂ ಕ್ಷಮಿಸಬಹುದಿತ್ತು, ಮೋಡ ಯಾರ ಮಾತನ್ನೂ ಕೇಳುವುದಿಲ್ಲ. ಗೊತ್ತಿದ್ದದ್ದನ್ನು ಕಾಫಿ ಕೊಟ್ಟವರಿಗೆ ಮಾತ್ರ ಹೇಳಿ, ಪರದೆಯ ಮುಂದೆ ಕೂತವರಿಗೆಲ್ಲ ಬೇರೆಯದನ್ನು ಹೇಳಿದ. ವೈದ್ಯನೊಬ್ಬ ಪರಿಚಯದವರಿಗೆ ಕಾಯಿಲೆಯ ಹೆಸರು ಹೇಳಿ, ಉಳಿದವರಿಗೆ ‘ಏನೂ ಇಲ್ಲ, ಮಜಾ ಮಾಡಿ’ ಎಂದು ಕಳಿಸಿದರೆ ನಾವು ಅವನನ್ನು ಏನೆಂದು ಕರೆಯುತ್ತೇವೆ? ಒಂದೂವರೆ ನಿಮಿಷ ಸಾಲದು ಎಂದ. ‘ಅರ್ಧಕ್ಕರ್ಧ’ ಎನ್ನಲು ಎಷ್ಟು ಹೊತ್ತು ಬೇಕು? ‘ಗ್ಯಾರಂಟಿ’ ಎನ್ನುವಷ್ಟೇ.

ಮಾರನೆಯ ಬೆಳಿಗ್ಗೆ ನಾನೂ ಅಕ್ಕನೂ ಬೆಳ್ಯಪ್ಪಣ್ಣನ ಮನೆಗೆ ಹೋದೆವು. ಅವರು ಕುಯ್ಲಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಮನೆಯ ಸುತ್ತಲಿನ ಹಳೇ ಗಿಡಗಳಲ್ಲಿ ಹಣ್ಣು ಇನ್ನೂ ಹಾಗೇ ಇತ್ತು.

‘ಬೆಳ್ಯಪ್ಪಣ್ಣ, ಇವತ್ತೇ ಎಂಜಿನ್ನು ಹೂಡಿ’ ಎಂದಳು ಅಕ್ಕ. ‘ಮಳೆ ನಂಬೋದು ಬೇಡ. ಆ ಟಿವಿ ಹುಡುಗನೇ ನಮ್ಮ ಮನೇಲಿ ಹೇಳಿದ್ದು.’

‘ಟಿವಿ ಹುಡುಗ ಟಿವಿಯಲ್ಲಿ ಗ್ಯಾರಂಟಿ ಅಂದದ್ದು ನಾನೇ ಕೇಳಿದ್ದೇನಲ್ಲ ರತ್ನ. ನಿನ್ನ ಮನೆಯಲ್ಲಿ ಒಂದು, ನನ್ನ ಮನೆಯಲ್ಲಿ ಒಂದು ಹೇಳ್ಲಿಕ್ಕೆ ಅವನೆಂತ ಮದುವೆ ದಲ್ಲಾಳಿಯಾ?’

‘ಅವನು ಸುಳ್ಳು ಹೇಳಿದಾನೆ ಅಣ್ಣ’ ಎಂದೆ ನಾನು.

ಅವರು ನನ್ನ ಕಡೆ ತಿರುಗಿದರು. ‘ನೀನೂ ಬಂದಿದ್ದಿಯಲ್ಲ ಅದರಲ್ಲಿ! ಎಲ್ಲ ಮಾಮೂಲು, ಬದಲಾವಣೆ ಎಂತದೂ ಇಲ್ಲ ಅಂತ ನೀನೇ ಹೇಳಿದ್ದು. ಮಾಮೂಲು ಮಳೆ ಅಂದ್ರೆ ಮೋಡ ಕಟ್ಟಿದ ಮೇಲೆ ಎರಡು ದಿನ ಹೊಯ್ದೇ ಹೊಯ್ತದೆ. ನಾನು ಹುಟ್ಟಿದಲ್ಲಿಂದ ಕಾಣ್ತಾ ಇದ್ದೇನೆ.’

‘ನಾನು ಹಾಗೆ ಹೇಳಿಲ್ಲ.’

‘ಹೇಳಿದ್ದು ಇಡೀ ಕರ್ನಾಟಕ ನೋಡಿಯಾಯ್ತು ಮಾರಾಯ. ಈಗ ನೀನು ಇಲ್ಲ ಅಂದ್ರೆ?’

ನಾನು ವಿವರಿಸಲು ಹೊರಟೆ. ಒಂದು ಮಳೆ, ಹಲವು ಮಳೆ, ಕವಡೆ, ಮೇಣ. ತುಂಬ ಹೊತ್ತು ಮಾತಾಡಿದೆ. ಅವರು ಹಣ್ಣಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾ ಕೇಳಿಸಿಕೊಂಡರು.

‘ನೋಡು, ನನ್ನ ಹತ್ತಿರ ಇರೋದು ನಾಲ್ಕು ಜನ’ ಎಂದರು. ‘ಪೈಪ್ ಎಳಿಲಿಕ್ಕೆ ಹಾಕಿದ್ರೆ ಈ ಹಣ್ಣು ಹೋಯ್ತು. ಮಳೆ ಹೇಗೂ ಬರ್ತದೆ. ಅಷ್ಟರೊಳಗೆ ಹಣ್ಣು ಕಿತ್ತು ಮುಗಿಸ್ತೇನೆ. ರತ್ನ, ನನ್ನ ಪಾಳಿ ನೀನೇ ತಗೋ. ಪುಕ್ಕಲು ಇದ್ದವರು ಮೊದಲು ಹಾಯಿಸಲಿ.’

ಅಕ್ಕ ಇನ್ನೊಂದು ಸಲ ಹೇಳಿದಳು. ಗುಡ್ಡದ ಹೊಸ ಗಿಡಕ್ಕಾದರೂ ಹಾಯಿಸಿ, ನಮ್ಮ ಆಳುಗಳನ್ನೇ ಕಳಿಸುತ್ತೇನೆ ಎಂದಳು. ಬೆಳ್ಯಪ್ಪಣ್ಣನಿಗೆ ಅದು ನಾಚಿಕೆಯ ಮಾತಾಯಿತು. ‘ನಿನ್ನ ಜನ ತಂದು ನನ್ನ ತೋಟ ನೋಡ್ಕೊಳ್ಳುವ ಗತಿ ಬಂದಿಲ್ಲ’ ಎಂದು ಇಳಿದು ಹೋದರು.

ಅಂದು ಮಧ್ಯಾಹ್ನವೇ ಅಕ್ಕನ ತೋಟದಲ್ಲಿ ಎಂಜಿನ್ನು ಶುರುವಾಯಿತು. ಭಾವ, ನಾನು, ಲೈನಿನ ಇಬ್ಬರು ಪೈಪು ಹೊತ್ತೆವು. ನೀರು ಚಿಕ್ಕ ಚಿಕ್ಕ ಕಾಮನಬಿಲ್ಲು ಬಿಡುತ್ತಾ ಸುತ್ತುತ್ತಿತ್ತು. ಕತ್ತೆತ್ತಿದರೆ ಮೋಡ ಇತ್ತು. ಪ್ರತಿ ಸಲ ಮೋಡ ಕಪ್ಪಾದಾಗಲೂ ನಾನು, ಬರಲಿ, ನಮ್ಮ ನೀರು ದಂಡವಾಗಲಿ, ಬೆಳ್ಯಪ್ಪಣ್ಣ ನಮ್ಮನ್ನು ಪುಕ್ಕಲರೆಂದು ಆಡಿಕೊಳ್ಳಲಿ ಎಂದು ನಿಜವಾಗಿಯೂ ಬಯಸಿದೆ. ದೇವರನ್ನು ನಂಬದವನು ಬಯಸಬಹುದಾದಷ್ಟು ಗಟ್ಟಿಯಾಗಿ ಬಯಸಿದೆ.

ಮೊದಲ ದಿನ ಮೋಡ ಹಾಗೇ ತೇಲಿ ಪಿರಿಯಾಪಟ್ಟಣದ ಕಡೆ ಹೋಯಿತು. ಎರಡನೆಯ ದಿನ ಬಿಸಿಲು. ಅಂದು ಸಂಜೆ ಸುಹಾಸ ಕರಾವಳಿಯ ಸೆಕೆಯ ಬಗ್ಗೆ ತಮಾಷೆಯಾಗಿ ಮಾತಾಡಿದ. ಕೊಡಗಿನ ಗ್ಯಾರಂಟಿ ಏನಾಯಿತೆಂದು ಅರ್ಧ ಮಾತೂ ಇಲ್ಲ. ಮೂರನೆಯ ದಿನ ಬೆಳ್ಯಪ್ಪಣ್ಣನ ಹೆಂಡತಿ ಕೆಳಗೆ ಬಂದು, ‘ರತ್ನ, ನಿಮ್ಮದು ಮುಗಿಲಿಕ್ಕೆ ಎಷ್ಟು ಉಂಟು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೈಪಿನ ಸಾಲನ್ನು ನೋಡುತ್ತಾ ನಿಂತರು. ಅಕ್ಕ ಪದ್ಧತಿ ಮುರಿದು ಅರ್ಧಕ್ಕೇ ಪೈಪು ಬಿಚ್ಚಿಸಿದಳು. ನಮ್ಮ ಕೆಳಗಿನ ಮೂಲೆ ಒಣಗಿಯೇ ಉಳಿಯಿತು. ಎಂಜಿನ್ನನ್ನು ಗುಡ್ಡ ಹತ್ತಿಸುವಷ್ಟರಲ್ಲಿ ಇನ್ನೊಂದು ದಿನ ಹೋಯಿತು. ಬೆಳ್ಯಪ್ಪಣ್ಣನ ಹೊಸ ಗಿಡಗಳಿಗೆ ನೀರು ಬಿದ್ದಾಗ ಮೊಗ್ಗಿನ ತುದಿ ಆಗಲೇ ಬಾಡಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹೊರಗಿನವರಿಗೆ ಅದೂ ಚೆಂದವೇ ಕಾಣುತ್ತದೆ.

ವಾರ ಕಳೆದು ಅಕ್ಕನ ತೋಟ ಒಂದೇ ಬೆಳಗಿಗೆ ಬೆಳ್ಳಗಾಯಿತು. ಅದೇ ವಾಸನೆ ಗುಡ್ಡದ ಮೇಲಕ್ಕೂ ಹೋಗಿರಬೇಕು. ಅಲ್ಲಿ ಗೆಣ್ಣುಗಳಲ್ಲಿ ಕಂದು ಬಣ್ಣದ ಕಡ್ಡಿಗಳು ನಿಂತಿದ್ದವು. ಮುಟ್ಟಿದರೆ ಪುಡಿಯಾಗಿ ಉದುರುತ್ತಿದ್ದವು. ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳ ಮೊದಲ ತುಂಬು ಹೂವು ಅದು.

ನಾನು ಸುಹಾಸನಿಗೆ ಫೋನು ಮಾಡಿದೆ. ‘ನಾನು ಪೂರ್ತಿ ಮಾತಾಡಿದ್ದನ್ನ ಕಳಿಸು’ ಎಂದೆ.

‘ಅದು ಡಿಲೀಟ್ ಆಗಿರುತ್ತೆ ಸರ್. ಯಾಕೆ?’

ಯಾಕೆಂದು ಹೇಳಿದೆ.

‘ನಾನು ಸಾಧ್ಯತೆ ಇದೆ ಅಂತಲೇ ಬರೆದಿದ್ದೆ ಸರ್. ಡೆಸ್ಕಿನಲ್ಲಿ ಗ್ಯಾರಂಟಿ ಅಂತ ಮಾಡಿದ್ರು.’

‘ಡೆಸ್ಕಿಗೆ ಬಾಯಿ ಇಲ್ಲ ಸುಹಾಸ. ಓದಿದ ಬಾಯಿ ನಿಂದು.’

‘ಓದದಿದ್ರೆ ನಾಳೆ ಇನ್ನೊಬ್ಬ ಓದ್ತಾನೆ. ಅವನಿಗೆ ಐಸೋಬಾರ್ ಅಂದ್ರೆ ಏನು ಅಂತಲೂ ಗೊತ್ತಿರಲ್ಲ.’

‘ಗೊತ್ತಿಲ್ಲದೆ ಓದಲಿ, ಅದು ಅಜ್ಞಾನ. ಗೊತ್ತಿದ್ದೂ ಓದಿದ್ದಕ್ಕೆ ಏನಂತೀಯ?’

‘ಸರ್, ಕೋಪ ಮಾಡ್ಕೋಬೇಡಿ. ಪರಿಸರ ದಿನಕ್ಕೆ ಒಂದು ಸ್ಪೆಷಲ್ ಮಾಡ್ತಾ ಇದೀವಿ, ಅರ್ಧ ಗಂಟೆ. ಎಲ್ಲಾ ಅದ್ರಲ್ಲಿ ಹೇಳೋಣ. ನೀವೂ ಬನ್ನಿ.’

ಅಂದರೆ ವರ್ಷಕ್ಕೊಂದು ದಿನ ಸತ್ಯ, ಉಳಿದ ದಿನ ಡೋಲು. ಮಳೆ ಬರುವ ದಿನ ಮಳೆಯ ಬಗ್ಗೆ ಹೇಳದೆ, ಸಸಿ ನೆಡುವ ದಿನ ಹೇಳುವುದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಕೊನೆಯವರೆಗೂ ‘ಸರ್’ ಎಂದೇ ಕರೆದ.

ಕಾಲೇಜು ಶುರುವಾಗುವ ಮುಂಚಿನ ದಿನ ಸಂಜೆ ಬೆಳ್ಯಪ್ಪಣ್ಣನ ಮನೆಗೆ ಹೋದೆ. ಫೋನಿನಲ್ಲಿ ಏನೇನು ಅಂದೆ ಎಂದು ಹೇಳಬೇಕಿತ್ತು. ಬಹುಶಃ ಹೊಗಳಿಸಿಕೊಳ್ಳಬೇಕಿತ್ತು. ಅವರು ಸೋಫಾದಲ್ಲಿ ಕಾಲು ಚಾಚಿ ಕೂತು ಟಿವಿ ಹಚ್ಚಿದ್ದರು. ಜಾಹೀರಾತು ಓಡುತ್ತಿತ್ತು. ಮೂಲೆಯಲ್ಲಿ ‘ಮುಂದೆ: ಹವಾಮಾನ’ ಎಂದು ಬರುತ್ತಿತ್ತು. ಅದೇ ಚಾನೆಲ್ಲು.

ನನಗೆ ತಡೆಯಲಾಗಲಿಲ್ಲ. ‘ಇಷ್ಟಾದ ಮೇಲೂ ಅವನನ್ನೇ ನೋಡ್ತೀರಾ ಅಣ್ಣ?’

ಅವರು ನಿಧಾನವಾಗಿ ತಿರುಗಿದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

‘ಮತ್ತೆ ಯಾರನ್ನ ನೋಡುದು? ನಿನ್ನನ್ನಾ?’ ಎಂದರು. ‘ಆ ಗಿಡ ಸತ್ತಿಲ್ಲ, ಹೂ ಮಾತ್ರ ಹೋದದ್ದು. ಮುಂದಿನ ವರ್ಷವೂ ನನಗೆ ಮಳೆ ಯಾವಾಗ ಅಂತ ಗೊತ್ತಾಗ್ಬೇಕು. ನಾನು ಹುಟ್ಟಿದಲ್ಲಿಂದ ಕಂಡದ್ದು ಈಗ ನಡೆಯುದಿಲ್ಲ ಅಂತ ನನಗೂ ಗೊತ್ತಾಯ್ತು. ನೀನು ಹಾಸನಕ್ಕೆ ಹೋಗ್ತಿ. ಇವನು ಸುಳ್ಳೋ ನಿಜವೋ, ದಿನಾ ಬರ್ತಾನೆ.’

ನಾನು ನಿಂತೇ ಇದ್ದೆ. ಡೋಲಿನ ಸದ್ದು ಶುರುವಾಯಿತು.

‘ಕೂತ್ಕೊ, ಇಲ್ಲ ಪಕ್ಕಕ್ಕೆ ಸರಿ ಮಾರಾಯ, ಕಾಣುದಿಲ್ಲ’ ಎಂದು ಬೆಳ್ಯಪ್ಪಣ್ಣ ರಿಮೋಟು ಎತ್ತಿ ದನಿ ಹೆಚ್ಚಿಸಿದರು.